ಸಾಲಕ್ಕೆ ಸಾಲದ ನಾಟಕದ ಪದವಿ

ಶಿಕ್ಷಣ ಸಾಲ ಶಿಫಾರಸು ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ನಾಟಕ ಓದಿದವರು ಹೊಟ್ಟೆ ಹೊರೆಯಲಾರರು ಎಂಬುದಕ್ಕೆ ನಿಮ್ಮ ಸಮಿತಿ ನನ್ನನ್ನು ಸಾಕ್ಷಿ ಮಾಡಿದೆ. ನನ್ನನ್ನು ಕೇಳದೆ ಮಾಡಿದೆ ಎಂಬುದು ಸಣ್ಣ ದೂರು. ಆ ಸಾಕ್ಷ್ಯವನ್ನು ಮುಂದಿಟ್ಟುಕೊಂಡು ಕಳಸದ ಯಾಸ್ಮಿನ್ ಎಂಬ ಹುಡುಗಿಗೆ ರಂಗಕಲೆಯ ಪದವಿಗಾಗಿ ಸಾಲ ಕೊಡಬಾರದೆಂದು ಬರೆದಿದ್ದೀರಿ ಎಂಬುದು ದೊಡ್ಡ ದೂರು. "ಸದರಿ ಪದವಿಯ ಗಳಿಕೆಯು ಸಾಲದ ಭಾರಕ್ಕೆ ಅನುಗುಣವಾಗಿರುವುದಿಲ್ಲ. ಉದಾಹರಣೆ: ಬಣಕಲ್‌ನ ಓರ್ವ ಮಹಿಳಾ ಪದವೀಧರೆ" ಎಂದು ನಿಮ್ಮ ವರದಿ ಹೇಳುತ್ತದೆ. ಆ ಓರ್ವ ಮಹಿಳಾ ಪದವೀಧರೆ ನಾನು. ನನಗೆ ಭುವನಾ ಎಂಬ ಹೆಸರೂ ಇದೆ. ಕೋರ್ಟಿನಲ್ಲಿ ಸಾಕ್ಷಿಯನ್ನು ಕರೆದರೆ ಅವನ ಬಾಯಿಂದಲೇ ಒಂದೆರಡು ಮಾತು ಕೇಳುತ್ತಾರೆ. ನಿಮ್ಮ ಸಮಿತಿಯಲ್ಲಿ ಆ ದುಂದುವೆಚ್ಚಕ್ಕೆ ಅವಕಾಶವಿಲ್ಲವೆಂದು ಕಾಣುತ್ತದೆ. ಆದ್ದರಿಂದ ಊರವರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಮಾತಿನಲ್ಲಿ ನಿಜವಿರುವಷ್ಟನ್ನು ಒಪ್ಪಿಕೊಂಡುಬಿಡುತ್ತೇನೆ. ಮೈಸೂರಿನ ಖಾಸಗಿ ಕಾಲೇಜೊಂದರಲ್ಲಿ ಮೂರು ವರ್ಷ ನಾಟಕ ಓದಲು ನಾನು ಮೂರು ಲಕ್ಷ ಚಿಲ್ಲರೆ ಸಾಲ ಮಾಡಿದೆ. ಅದು ಇನ್ನೂ ತೀರಿಲ್ಲ. ಕಂತಿನ ತಾರೀಖು ಹತ್ತಿರ ಬಂದಾಗ ಫೋನು ಟಿಣ್ ಎಂದರೆ ಎದೆಯೂ ಟಿಣ್ ಎನ್ನುತ್ತದೆ. ಬಣಕಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ಅಪ್ಪ ಓಂಕಾರಮೂರ್ತಿ ಜಾಮೀನಿಗೆ ಸಹಿ ಹಾಕುವ ಮುನ್ನ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ನಾಟಕ ಕಲಿಯೋಕೆ ಮೈಸೂರಿಗ್ಯಾಕೆ ಹೋಗ್ಬೇಕು ಮಾರಾಯ್ತಿ? ಉದ್ರಿ ತಗೊಂಡು ಹೋದವ್ರು ತಿರುಗಿ ಬಂದಾಗ ನಮ್ಮ ಅಂಗಡಿ ಮುಂದೆ ಆಡ್ತಾರಲ್ಲ, ಅದನ್ನ ನೋಡಿದ್ರೆ ಸಾಲದಾ?" ನಾನು ಸಾಲದು ಎಂದೆ. ಅಪ್ಪ ನಕ್ಕು ಸಹಿ ಹಾಕಿದರು. ಈಗಲೂ ಬ್ಯಾಂಕಿನವರು ಮೊದಲು ಫೋನು ಮಾಡುವುದು ಅವರಿಗೇ. ಅವರು ನನಗೆ ಬೈದಿಲ್ಲ. "ನಿನ್ನ ಬ್ಯಾಂಕಿನವ್ರು ಕ್ಷೇಮ ವಿಚಾರಿಸಿದ್ರು" ಎಂದಷ್ಟೇ ಹೇಳುತ್ತಾರೆ. ಬೈದಿದ್ದರೆ ಸುಲಭವಿತ್ತು.

ಹೀಗೆ ಸಾಲದ ಮಟ್ಟಿಗೆ ನಿಮ್ಮ ವರದಿ ಸರಿಯಾಗಿದೆ. ತಕರಾರಿರುವುದು ಗಳಿಕೆಯ ಬಗ್ಗೆ. ನನ್ನ ಗಳಿಕೆಯನ್ನು ನಿಮ್ಮ ಕಚೇರಿ ಅಳೆದ ರೀತಿ ಸಾರ್ವಜನಿಕರಿಗೂ ತಿಳಿದಿರಲಿ. ಪದವಿ ಮುಗಿದು ಆರು ತಿಂಗಳಾಗಿತ್ತು. ನಾನು ಬಸ್ಸಿನಲ್ಲಿದ್ದೆ. ನಿಮ್ಮ ಕಚೇರಿಯಿಂದ ಒಬ್ಬ ಹುಡುಗಿ ಫೋನು ಮಾಡಿ, "ಮೇಡಂ, ತಿಂಗಳಿಗೆ ಸಂಬಳ ಎಷ್ಟು ಬರುತ್ತೆ?" ಎಂದು ಕೇಳಿದಳು. ಮೂಡಿಗೆರೆಯ ಒಂದು ಶಾಲೆಯಲ್ಲಿ ವಾರಕ್ಕೆ ಮೂರು ದಿನ ಮಕ್ಕಳಿಗೆ ನಾಟಕ ಹೇಳಿಕೊಡುತ್ತೇನೆ, ಅದರ ಸಂಬಳ ಇಷ್ಟು ಎಂದೆ. "ಬೇರೆ?" ಎಂದಳು. ಬೇರೆಯದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೊಟ್ಟಿಗೆಹಾರದ ತಿರುವಿನಲ್ಲಿ ನೆಟ್‌ವರ್ಕ್ ಹೋಯಿತು. ನನ್ನ ಉಳಿದ ಗಳಿಕೆಯೆಲ್ಲ ಅಲ್ಲೇ ಮಂಜಿನಲ್ಲಿ ಉಳಿಯಿತು. ಆ ಹುಡುಗಿ ಮತ್ತೆ ಫೋನು ಮಾಡಲಿಲ್ಲ. ಮದುವೆಯ ರಿಸೆಪ್ಷನ್‌ಗಳಲ್ಲಿ ನಾನು ಮಾಡುವ ನಿರೂಪಣೆ, ಎಸ್ಟೇಟಿನವರ ತರಬೇತಿ ವಿಡಿಯೋಗಳಿಗೆ ಕೊಡುವ ಧ್ವನಿ, ಹೋಂಸ್ಟೇಗಳಲ್ಲಿ ಬೆಂಕಿ ಹಾಕಿಕೊಂಡು ಕುಳಿತ ಪ್ರವಾಸಿಗರ ಮುಂದೆ "ಏನಾದ್ರೂ ಲೋಕಲ್ ಕಲ್ಚರ್ ಮಾಡಿ" ಎಂದಾಗ ಮಾಡುವ ಕಥೆಗಾರಿಕೆ, ಇವು ಯಾವುವೂ ನಿಮ್ಮ ವರದಿಯಲ್ಲಿಲ್ಲ. ಇವೆಲ್ಲ ಸೇರಿದರೂ ನಾನು ಶ್ರೀಮಂತಳಲ್ಲ, ಅದು ಬೇರೆ ಮಾತು. ಆದರೆ ಅರ್ಧ ಕೇಳಿದ ಮಾತನ್ನು ಪೂರ್ತಿ ಬದುಕು ಎಂದು ಅಚ್ಚು ಹಾಕಿಸುವುದಕ್ಕೆ ನಮ್ಮ ಕಡೆ ಚಾಡಿ ಎನ್ನುತ್ತಾರೆ. ನಿಮ್ಮ ಕಡೆ ಸಮೀಕ್ಷೆ ಎನ್ನುತ್ತಾರೆ.

ಅದೇ ವರದಿಯಲ್ಲಿ ಎಂಜಿನಿಯರಿಂಗ್ ಪದವಿಗೆ ಅತ್ಯುತ್ತಮ ಅಂಕ ಬಿದ್ದಿದೆ. ಸಂತೋಷ. ನನ್ನ ಜೊತೆ ಹೈಸ್ಕೂಲು ಓದಿದ ಪ್ರಶಾಂತ್ ಎಂಜಿನಿಯರಿಂಗ್ ಮುಗಿಸಿ, ಒಂದು ವರ್ಷ ಕೆಲಸ ಹುಡುಕಿ, ಸಿಗದೆ ಊರಿಗೆ ಬಂದು ಈಗ ಅಪ್ಪನ ಕಾಫಿ ತೋಟ ನೋಡಿಕೊಳ್ಳುತ್ತಿದ್ದಾನೆ. ಅವನಿಗೂ ನಿಮ್ಮ ಕಚೇರಿಯಿಂದ ಫೋನು ಬಂದಿತ್ತು. ಅವನು ತೋಟದ ಆದಾಯ ಹೇಳಿದ. ನೀವು ಅದನ್ನು ಎಂಜಿನಿಯರಿಂಗ್ ಪದವಿಯ ಆದಾಯ ಎಂದು ಬರೆದುಕೊಂಡಿರಿ. "ಪಾರ್ಚ್‌ಮೆಂಟ್ ಕಾಫಿಗೆ ರೇಟು ಬಂದಿದ್ದು ನನ್ನ ಮೆಕ್ಯಾನಿಕಲ್ ಡಿಗ್ರಿಯಿಂದ ಅಂತ ನನಗೇ ಗೊತ್ತಿರ್ಲಿಲ್ಲ ಮಾರಾಯ್ತಿ" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಎಂದರೆ ಬ್ರೆಜಿಲಿನಲ್ಲಿ ಮಳೆ ಕೈಕೊಟ್ಟು ಕಾಫಿ ಬೆಲೆ ಏರಿದರೆ ಚಿಕ್ಕಮಗಳೂರು ಜಿಲ್ಲೆಯಲ್ಲಿ ಎಂಜಿನಿಯರಿಂಗ್ ವಿದ್ಯೆಯ ಮೌಲ್ಯವೂ ಏರುತ್ತದೆ! ಇಂಥ ಅರ್ಥಶಾಸ್ತ್ರವನ್ನು ಕಂಡುಹಿಡಿದದ್ದಕ್ಕೆ ನಿಮ್ಮ ಸಮಿತಿಗೆ ಸನ್ಮಾನವಾಗಬೇಕು. ನನಗೂ ಅಪ್ಪನ ಹೆಸರಿನಲ್ಲಿ ತೋಟವಿದ್ದಿದ್ದರೆ ನಾಟಕದ ಪದವಿ ಈ ರಾಜ್ಯದ ಅತ್ಯಂತ ಲಾಭದಾಯಕ ಪದವಿಯಾಗಿರುತ್ತಿತ್ತು. ಅಂಗಡಿಯಲ್ಲಿ ಮೊಳೆ ಮಾರುವ ಅಪ್ಪನನ್ನು ಆರಿಸಿಕೊಂಡದ್ದು ನನ್ನದೇ ದೂರದೃಷ್ಟಿಯ ಕೊರತೆ.

ಇನ್ನು ಪದವಿ ಮುಗಿದ ಆರೇ ತಿಂಗಳಿಗೆ ಗಳಿಕೆ ಅಳೆಯುವ ನಿಮ್ಮ ಗಡುವು. ಕಾಫಿ ಗಿಡ ನೆಟ್ಟವನು ಮೊದಲ ಫಸಲಿಗೆ ಮೂರು ನಾಲ್ಕು ವರ್ಷ ಕಾಯುತ್ತಾನೆ. ಆ ಗಿಡದ ಮೇಲೆ ಇದೇ ಬ್ಯಾಂಕುಗಳು ಸಾಲವನ್ನೂ ಕೊಡುತ್ತವೆ. ಆರು ತಿಂಗಳಿಗೆ ತೋಟಕ್ಕೆ ಬಂದು, ಹಣ್ಣಿಲ್ಲ, ಕಿತ್ತುಹಾಕಿ ಎಂದ ಅಧಿಕಾರಿಯನ್ನು ನಾನು ಈವರೆಗೆ ಕಂಡಿಲ್ಲ. ಹಾಗೆಂದವರು ತೋಟದಿಂದ ನೆಟ್ಟಗೆ ಹೊರಗೆ ಬರುವುದೂ ಅನುಮಾನ.

ಮಾನ್ಯರೇ, ನಾಟಕದವರಿಗೆ ಗಳಿಕೆಯಿಲ್ಲ ಎಂಬ ನಿಮ್ಮ ಸಂಶೋಧನೆಗೆ ನೀವೇ ಮಾಡಿದ ಅಮೂಲ್ಯ ಸಹಾಯವನ್ನೂ ಇಲ್ಲಿ ನೆನೆಯಬೇಕು. ಹಿಂದಿನ ವರ್ಷ ಚಿಕ್ಕಮಗಳೂರಿನಲ್ಲಿ ನಡೆದ ಸಾಲ ಮೇಳದಲ್ಲಿ ಬೀದಿನಾಟಕ ಆಡಲು ನಿಮ್ಮ ಕಚೇರಿ ನಮ್ಮ ತಂಡವನ್ನು ಕರೆಯಿತು. ವಿಷಯ: ಶಿಕ್ಷಣ ಸಾಲವನ್ನು ಸಕಾಲಕ್ಕೆ ತೀರಿಸುವುದು ಹೇಗೆ. ನಾನು ಸಾಲ ತೀರಿಸದ ಹುಡುಗಿಯಾದೆ. ಮೂಡಿಗೆರೆಯ ಸೊಹೈಲ್ ಬ್ಯಾಂಕ್ ಮ್ಯಾನೇಜರ್ ಆದ. ಅವನು ಮೈಸೂರಿನಲ್ಲಿ ನನ್ನ ಸಹಪಾಠಿ, ರಂಗದ ಬೆಳಕು ಕಲಿತು ಈಗ ಮದುವೆ ಮಂಟಪಗಳಿಗೆ ಲೈಟು ಕಟ್ಟುತ್ತಾನೆ. ಸುಡುಬಿಸಿಲಲ್ಲಿ ಮೈಕಿಲ್ಲದೆ ಕೂಗಿ ಆಡಿದೆವು. ಜನ ನಕ್ಕರು, ಚಪ್ಪಾಳೆ ಹೊಡೆದರು. ನೀವು ವೇದಿಕೆಗೆ ಬಂದು, "ಸಾವಿರ ಸುತ್ತೋಲೆ ಮಾಡದ ಕೆಲಸವನ್ನು ಈ ಮಕ್ಕಳು ಅರ್ಧ ಗಂಟೆಯಲ್ಲಿ ಮಾಡಿದರು" ಎಂದಿರಿ. ಒಂದು ಶಾಲು, ಒಂದು ಸ್ಮರಣಿಕೆ, ಎರಡು ಸೇಬು ಒಂದು ಮೂಸಂಬಿ ಇದ್ದ ಒಂದು ಬುಟ್ಟಿ ಕೊಟ್ಟಿರಿ. ನಾನು ವೇದಿಕೆ ಇಳಿದಾಗ ಬ್ಯಾಂಕಿನ ವಸೂಲಾತಿಯವರು ಕೆಳಗೇ ನಿಂತಿದ್ದರು. "ಆ್ಯಕ್ಟಿಂಗ್ ಬಹಳ ನ್ಯಾಚುರಲ್ ಆಗಿತ್ತು ಮೇಡಂ. ಈ ತಿಂಗಳಿಂದು ಇನ್ನೂ ಬಂದಿಲ್ಲ" ಎಂದರು. "ಈ ಶಾಲನ್ನ ಜಮಾ ಮಾಡ್ಕೊಳ್ತೀರಾ?" ಎಂದೆ. ಅವರು, ಪಾಪ, ಶಾಲನ್ನು ಮುಟ್ಟಿ ನೋಡಿದರು. ಮರುವಾರ ಕಂತು ಕಟ್ಟಿದೆ, ದಂಡ ಸಮೇತ. ಆ ನಾಟಕದ ಗೌರವಧನ ಮಾತ್ರ ಇವತ್ತಿಗೂ ನಿಮ್ಮ ಕಚೇರಿಯಲ್ಲಿ "ಮಂಜೂರಾತಿಯ ಹಂತದಲ್ಲಿ" ಇದೆ. ಕೊಡಬೇಕಾದವರು ಕೊಡದೆ, ಪಡೆಯಬೇಕಾದವಳಿಗೆ ಗಳಿಕೆಯಿಲ್ಲ ಎಂದು ವರದಿ ಬರೆಯುವುದಿದೆಯಲ್ಲ, ಅದಕ್ಕೆ ಬೇಕಾದ ಅಭಿನಯವನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ.

ಈಗ ಯಾಸ್ಮಿನ್ ವಿಷಯಕ್ಕೆ ಬರುತ್ತೇನೆ. ನಿಮಗೆ ಅವಳೊಂದು ಅರ್ಜಿ. ನಾನು ಅವಳನ್ನು ಮೊದಲು ಕಂಡದ್ದು ನಾಟಕ ಹೇಳಿಕೊಡಲು ಹೋಗಿದ್ದ ಕಳಸದ ಬೇಸಿಗೆ ಶಿಬಿರದಲ್ಲಿ. ಅವಳ ತಂದೆ ಸಂಸೆಯಿಂದ ಕಳಸಕ್ಕೆ ಜೀಪು ಓಡಿಸುತ್ತಾರೆ. ತಾಯಿ ಸಿದ್ದೀಕಾ ಕಳಸದ ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಶಿಬಿರದ ಕೊನೆಯ ದಿನ ಮಕ್ಕಳೊಂದು ನಾಟಕ ಆಡಿದರು. ಅದರಲ್ಲಿ ಯಾಸ್ಮಿನ್ ಒಬ್ಬ ಮುದುಕಿ. ತಲೆ ಮೇಲೆ ಸೆರಗು ಹೊದ್ದು, ಸೊಂಟಕ್ಕೊಂದು ಕೈ ಕೊಟ್ಟು, ಮೆಟ್ಟಿಲೇ ಇಲ್ಲದ ನೆಲದ ಮೇಲೆ ಮೆಟ್ಟಿಲು ಇಳಿದು ಬಂದಳು. ಸಭೆಯಲ್ಲಿ ಕುಳಿತಿದ್ದ ಸಿದ್ದೀಕಾ ಪಕ್ಕದವರನ್ನು ಕೇಳಿದರಂತೆ: "ಇದು ಯಾರ ಮನೆ ಅಜ್ಜಿ? ಮಕ್ಕಳ ನಾಟಕಕ್ಕೆ ಇವ್ರನ್ನ ಯಾಕೆ ಕರ್ಕೊಂಡು ಬಂದ್ರು?" ಅದು ತಮ್ಮದೇ ಮಗಳೆಂದು ಅವರಿಗೆ ತಿಳಿದದ್ದು ನಾಟಕ ಮುಗಿದು ಮುದುಕಿ ಸೆರಗು ತೆಗೆದಾಗ. ಆಮೇಲೆ ಅವರು ನೇರ ನನ್ನ ಹತ್ತಿರ ಬಂದರು. ಮುಖ ಗಂಟಿಕ್ಕಿತ್ತು.

"ಟೀಚರ್, ಇದನ್ನ ನೀವು ಹೇಳ್ಕೊಟ್ರಾ?"

"ಇಲ್ಲ, ಅವಳೇ ಮಾಡಿದ್ದು" ಎಂದೆ.

"ನಮ್ಮ ಉಮ್ಮ, ಇವಳ ಅಜ್ಜಿ, ಹೀಗೇ ಮೆಟ್ಟಿಲು ಇಳೀತಿದ್ರು. ಅವ್ರು ಹೋದಾಗ ಇವಳು ಅಂಗನವಾಡಿಗೆ ಹೋಗ್ತಿದ್ಲು" ಎಂದರು. ಆಮೇಲೆ "ಇದೆಲ್ಲ ಇಲ್ಲಿಗೇ ಸಾಕು. ಅವಳ ತಲೆ ಕೆಡಿಸ್ಬೇಡಿ" ಎಂದು ಹೋದರು.

ನಾನು ತಲೆ ಕೆಡಿಸಲಿಲ್ಲ. ಅದು ತಾನಾಗಿಯೇ ಕೆಟ್ಟಿತು. ಪಿಯುಸಿ ಮುಗಿಸಿದ ಯಾಸ್ಮಿನ್ ನಾನು ಓದಿದ ಕಾಲೇಜಿಗೇ ಅರ್ಜಿ ಹಾಕಿದಳು. ಪ್ರವೇಶ ಪರೀಕ್ಷೆಯಲ್ಲಿ ಗೆದ್ದಳು, ಸೀಟು ಸಿಕ್ಕಿತು. ಆಗ ನನ್ನ ಬಳಿ ಬಂದು, "ಅಕ್ಕಾ, ನಿಮ್ಮ ಸಾಲದ ಕಥೆ ಪೂರ್ತಿ ಹೇಳಿ" ಎಂದಳು. ನಾನು ಪೂರ್ತಿ ಹೇಳಿದೆ. ಬ್ಯಾಂಕಿನ ಫೋನು, ಕಟ್ಟಿದ ದಂಡ, ಕೆಲಸವಿಲ್ಲದ ಮಳೆಗಾಲದ ತಿಂಗಳುಗಳು, ಅಪ್ಪನ ಮುಂದೆ ಕೈ ಚಾಚಿದ ಎರಡು ಸಲ, ಏನನ್ನೂ ಮುಚ್ಚಿಡಲಿಲ್ಲ. ಅವಳು ಕೇಳಿಸಿಕೊಂಡು, "ನೀವು ಬಿಟ್ಟುಬಿಡ್ಬೇಕು ಅಂದ್ಕೊಂಡಿದ್ರಾ?" ಎಂದಳು. ಅಂದುಕೊಂಡಿದ್ದೆ ಎಂದೆ. "ಯಾಕೆ ಬಿಡ್ಲಿಲ್ಲ?" ಎಂದಳು.  ಬಿಟ್ಟಿದ್ದರೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ ಎಂದೆ. ಅವಳಿಗೆ ಅಷ್ಟು ಸಾಕಾಯಿತು. ನಿಮ್ಮ ವರದಿಗೆ ಇದು ಸಾಕಾಗುವುದಿಲ್ಲವೆಂದು ಬಲ್ಲೆ.

ನಿಮ್ಮ ಕಚೇರಿಯಲ್ಲಿ ಸಂದರ್ಶನದ ದಿನ ನಾವು ಮೂವರೂ ಬಂದೆವು: ಯಾಸ್ಮಿನ್, ಅವಳ ತಾಯಿ, ನಾನು. ನಡೆದದ್ದು ನಿಮಗೆ ನೆನಪಿರಲಾರದು, ಅವತ್ತು ನಿಮಗೆ ಬೇರೆ ಸಭೆಯೂ ಇತ್ತು. ನೀವು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದಿರಿ.

"ಏನಮ್ಮಾ, ನಾಟಕ ಕಲ್ತು ಏನ್ ತಿಂತೀಯ?"

"ಈಗ ಏನ್ ತಿಂತಿದೀನೋ ಅದನ್ನೇ ಸರ್" ಎಂದಳು ಯಾಸ್ಮಿನ್. ಅವಳು ಎದುರು ಮಾತಾಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಆದರೆ ನೀವು ನಕ್ಕಿರಿ. ನೀವು ನಕ್ಕಿರೆಂದು ಪಕ್ಕದಲ್ಲಿದ್ದ ಇಬ್ಬರು ಸದಸ್ಯರು ನಕ್ಕರು. ಅವರು ನಕ್ಕರೆಂದು ಫೈಲು ಹಿಡಿದು ನಿಂತಿದ್ದವರೂ ನಕ್ಕರು.

"ಡೈಲಾಗ್ ಚೆನ್ನಾಗಿದೆ. ಆದ್ರೆ ಇಲ್ಲಿ ನೋಡು" ಎಂದು ನೀವು ಪರದೆಯನ್ನು ಅವಳ ಕಡೆ ತಿರುಗಿಸಿದಿರಿ. "ಬಣಕಲ್ ಕಡೆ ಹುಡುಗಿ. ನಿನ್ನ ಹಾಗೇ ಆಸೆ ಪಟ್ಟು ಓದಿದ್ಲು. ಈಗ ಏನಾಗಿದಾಳೆ ನೋಡು. ಯಾರಾದ್ರೂ ಇವಳಿಗೆ ಆವತ್ತೇ ಬುದ್ಧಿ ಹೇಳಿದ್ರೆ ಇಷ್ಟಾಗ್ತಿರ್ಲಿಲ್ಲ."

"ಸರ್, ಆ ಹುಡುಗಿ ನಾನೇ" ಎಂದೆ.

ನೀವು ಮೊದಲ ಸಲ ತಲೆ ಎತ್ತಿದಿರಿ. ನಿಮ್ಮ ಕೈಯಿಂದಲೇ ಶಾಲು ಹೊದಿಸಿಕೊಂಡವಳು ಎಂಬ ಗುರುತು ಆ ಕಣ್ಣುಗಳಲ್ಲಿ ಕಾಣಲಿಲ್ಲ. ಗಲಿಬಿಲಿಯೂ ಕಾಣಲಿಲ್ಲ. "ಒಳ್ಳೇದೇ ಆಯ್ತು. ನೀವೇ ಹೇಳಿ ಅವಳಿಗೆ, ಕಷ್ಟ ಏನು ಅಂತ" ಎಂದಿರಿ.

"ಹೇಳಿದೀನಿ ಸರ್. ಕಷ್ಟ ಇದೆ. ಆದ್ರೆ ಒಂದು ಕಂತೂ ಬಾಕಿ ಇಲ್ಲ."

"ಕಷ್ಟಪಟ್ಟು ಕಟ್ಟಿದೀರಿ ತಾನೆ?"

"ಸುಖಪಟ್ಟು ಸಾಲ ಕಟ್ಟೋವ್ರು ಯಾರಾದ್ರೂ ಇದ್ರೆ ತೋರ್ಸಿ ಸರ್, ಅವ್ರ ಕಾಲೇಜಿಗೇ ಇವಳನ್ನ ಸೇರಿಸ್ತೀವಿ."

ಈ ಸಲ ಯಾರೂ ನಗಲಿಲ್ಲ. ನೀವು "ನೆಕ್ಸ್ಟ್" ಎಂದಿರಿ. ಹೊರಗೆ ಬಂದಾಗ ಯಾಸ್ಮಿನ್ ಅಳುತ್ತಿರಲಿಲ್ಲ. ಸೀಟಿನ ಪತ್ರ ತೆಗೆದು ಅದರಲ್ಲಿದ್ದ ಕೊನೆಯ ತಾರೀಖನ್ನು ಮತ್ತೆ ಓದುತ್ತಿದ್ದಳು. ಮಾತಿನಲ್ಲಿ ಗೆದ್ದ ನನ್ನ ಸಂಭ್ರಮ ಆ ಪತ್ರ ನೋಡಿದ ತಕ್ಷಣ ಇಳಿದುಹೋಯಿತು. ಸೀಟಿಗೆ ಹಣ ಕಟ್ಟಲು ನಾಲ್ಕೇ ದಿನ ಉಳಿದಿತ್ತು, ನಾನು ಜಾಣತನದ ಮಾತಾಡಿ ಬಂದಿದ್ದೆ.

ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಚಹಾ ಕುಡಿಯಲು ಕುಳಿತೆವು. ಸಿದ್ದೀಕಾ ನನ್ನ ಕಡೆ ತಿರುಗಿ ಹೇಳಿದರು.

"ಟೀಚರ್, ನಿಮ್ಗೆ ಸುಳ್ಳು ಹೇಳೋದಿಲ್ಲ. ನಾನು ಬಂದಿದ್ದೇ ಸಾಹೇಬ್ರ ಹತ್ರ ಬೇರೆ ಮಾತಾಡೋಕೆ. ಇವಳನ್ನ ಹೊರಗೆ ಕಳಿಸಿ, ಸಾಲ ಕೊಡ್ಬೇಡಿ ಸಾರ್ ಅಂತ ಕೈ ಮುಗಿಯೋಣ ಅಂತಿದ್ದೆ."

ಯಾಸ್ಮಿನ್ ಲೋಟ ಕೆಳಗಿಟ್ಟಳು. "ಉಮ್ಮಾ!" ಎಂದಳು.

"ಹೌದು. ಹೆಣ್ಣುಮಕ್ಕಳಿಗೆ ನಾಟಕ ಬೇಡ ಅಂತ ನಂಗೆ ಈಗ್ಲೂ ಇದೆ. ಆದ್ರೆ ಬೇಡ ಅನ್ನೋದಾದ್ರೆ ನಾನು ಅನ್ಬೇಕು, ನಿನ್ನ ಮುಖ ನೋಡಿ ಅನ್ಬೇಕು. ಅವ್ರು ನಿನ್ನ ಕಡೆ ನೋಡ್ಲೇ ಇಲ್ವಲ್ಲ! ಒಂದು ಬ್ಲೌಸ್ ಬಟ್ಟೆ ತಂದ್ರೂ ನಾನು ಮೈ ಅಳತೆ ತಗೊಳ್ದೆ ಕತ್ತರಿ ಹಾಕೋದಿಲ್ಲ. ಇವ್ರು ಬೇರೆ ಯಾರದೋ ಅಳತೆ ಇಟ್ಕೊಂಡು ನನ್ನ ಮಗಳನ್ನ ಕತ್ತರಿಸಿ ಹಾಕಿದ್ರು. ನಕ್ಕೊಂಡು."

ಹೇಳಿ, ಆರಿದ ಚಹಾ ಒಂದೇ ಗುಟುಕಿಗೆ ಕುಡಿದು, ಗಂಡನಿಗೆ ಫೋನು ಮಾಡಿದರು. ಇನ್ನೊಂದು ಹೊಲಿಗೆ ಮೆಷಿನ್ ತೆಗೆದುಕೊಳ್ಳಬೇಕೆಂದು ಅವರು ಬಹಳ ದಿನದಿಂದ ಚೀಟಿ ಕಟ್ಟುತ್ತಿದ್ದರು. ಆ ಚೀಟಿ ಎತ್ತಿದರು. ಜೀಪಿನ ಟೈರಿಗೆಂದು ಗಂಡ ಇಟ್ಟಿದ್ದ ಹಣವೂ ಅದಕ್ಕೆ ಸೇರಿತು. ಮೊದಲ ವರ್ಷದ ಶುಲ್ಕ ಕೊನೆಯ ದಿನ ಸಂಜೆ ಕಾಲೇಜಿಗೆ ತಲುಪಿತು. ಯಾಸ್ಮಿನ್ ಈಗ ಮೈಸೂರಿನಲ್ಲಿದ್ದಾಳೆ. ಹೊಸ ಮೆಷಿನ್ ಬಂದಿಲ್ಲ. ಜೀಪು ಹಳೆಯ ಟೈರಿನಲ್ಲೇ ಆ ತಿರುವುಗಳನ್ನು ಹತ್ತಿ ಇಳಿಯುತ್ತಿದೆ. ಎರಡನೇ ವರ್ಷದ ಹಣ ಎಲ್ಲಿಂದ ಬರುತ್ತದೆ ಎಂಬುದು ಯಾರಿಗೂ ತಿಳಿಯದು. ಇದನ್ನು ಸುಖಾಂತ ಎಂದು ನಾನು ಹೇಳುತ್ತಿಲ್ಲ. ನೀವೂ ಹೇಳಬೇಡಿ. "ಸಾಲವಿಲ್ಲದೆಯೂ ಬಡವರು ಓದುತ್ತಾರೆ" ಎಂದು ಮುಂದಿನ ವರದಿಯಲ್ಲಿ ಇವಳನ್ನೂ ಉದಾಹರಣೆ ಮಾಡಿಬಿಡುತ್ತೀರಿ ಎಂಬ ಭಯ ನನಗಿದೆ, ಆದ್ದರಿಂದ ಮೊದಲೇ ಹೇಳಿದೆ.

ಮಾನ್ಯರೇ, ನಾಟಕದ ಪದವಿಯ ಗಳಿಕೆ ಮತ್ತು ಸಾಲವನ್ನು ತೂಗಲೇಬೇಡಿ ಎಂದು ನಾನು ಹೇಳಿದರೆ ಅದು ಅಪ್ರಾಮಾಣಿಕತೆ. ತೂಗಬೇಕು. ಶುಲ್ಕ ಇಷ್ಟೇಕೆ ಎಂದು ಕಾಲೇಜನ್ನು ಕೇಳಬೇಕು. ಪುಕ್ಕಟೆ ನಾಟಕ ಆಡಿಸಿಕೊಳ್ಳುವ ಕಚೇರಿಗಳನ್ನು ಕೇಳಬೇಕು. ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ನಾಟಕದ ಮೇಷ್ಟ್ರು ಎಷ್ಟು ಮಂದಿ ಇದ್ದಾರೆ, ಖಾಲಿ ಹುದ್ದೆ ಎಷ್ಟಿವೆ ಎಂದೂ ಕೇಳಬೇಕು. ಇಷ್ಟೆಲ್ಲ ಕೇಳಿದ ಮೇಲೆ ಓದುವ ಹುಡುಗಿಯನ್ನು ಕೂರಿಸಿಕೊಂಡು, ನೋಡಮ್ಮ, ಭಾರ ಇಷ್ಟಿದೆ, ಹೊರುತ್ತೀಯಾ ಎಂದು ಕೇಳಬೇಕು. ನೀವು ಉಳಿದವರನ್ನೆಲ್ಲ ಬಿಟ್ಟು, ಅವಳನ್ನೊಬ್ಬಳನ್ನೇ ತಕ್ಕಡಿಗೆ ಹಾಕಿ, ಹಗುರ ಎಂದು ಇಳಿಸಿಬಿಟ್ಟಿರಿ.

ಆದ್ದರಿಂದ ನನ್ನ ಬೇಡಿಕೆ: ವರದಿಯಿಂದ ನನ್ನ ಉದಾಹರಣೆಯನ್ನು ತೆಗೆಯಿರಿ, ಇಲ್ಲವೇ ನನ್ನ ಹೇಳಿಕೆಯನ್ನು ಪೂರ್ತಿಯಾಗಿ ಸೇರಿಸಿ. ಬೀದಿನಾಟಕದ ಗೌರವಧನವನ್ನು ಮಂಜೂರು ಮಾಡಿ, ಅದರಲ್ಲಿ ಸೊಹೈಲ್‌ನ ಪಾಲೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾಸ್ಮಿನ್‌ಳ ಅರ್ಜಿಯನ್ನು ಎರಡನೇ ವರ್ಷ ಶುರುವಾಗುವ ಮೊದಲು ಮತ್ತೆ ತೆರೆಯಿರಿ, ಅವಳ ಮುಖ ನೋಡಿ ತೀರ್ಮಾನಿಸಿ. ಸಮಿತಿಯ ಸಭೆಗೆ ನನ್ನನ್ನೂ ಕರೆಯಿರಿ. ಪ್ರಯಾಣ ಭತ್ಯೆಯ ಚಿಂತೆ ಬೇಡ. ಸರ್ಕಾರಿ ಬಸ್ಸು ಸಿಕ್ಕರೆ ಹೆಂಗಸರಿಗೆ ಟಿಕೆಟ್ಟಿಲ್ಲ.

ಕರೆಯದಿದ್ದರೂ ನಾನು ಉತ್ತರ ಹೇಳಬೇಕಾದ ಒಂದು ಸಭೆ ಇದ್ದೇ ಇದೆ. ಮೈಸೂರಿನ ಬಸ್ಸು ಹತ್ತಿಸಿದ ದಿನ ಮಗಳು ಕಣ್ಣಿಗೆ ಮರೆಯಾದ ಮೇಲೆ ಸಿದ್ದೀಕಾ ನನ್ನ ಮೊಣಕೈ ಹಿಡಿದು, "ಟೀಚರ್, ಮೂರು ವರ್ಷ ಆದ್ಮೇಲೆ ನಾನು ಲೆಕ್ಕ ಕೇಳ್ತೀನಿ. ನಿಮ್ಮ ಹತ್ರಾನೇ ಕೇಳ್ತೀನಿ" ಎಂದರು. ನಿಮ್ಮ ವರದಿಗೆ ಹೆದರದ ನಾನು ಆ ಮಾತಿಗೆ ಹೆದರಿದ್ದೇನೆ. ಆ ಹೆದರಿಕೆಯಲ್ಲಿ ಅರ್ಧ ಪಾಲು ನಿಮ್ಮದೂ ಆಗಬೇಕಿತ್ತು.

ಇಂತಿ,
ಸಾಲವೂ ತೀರದ, ನಾಟಕದ ಹುಚ್ಚೂ ಬಿಡದ
ಭುವನಾ
ಬಣಕಲ್